ಫಿರಂಗಿ ಖಡ್ಗದ ಅಲಗು

ರುದ್ರಪಟ್ಟಣದ ಸೀಮೆಯಲ್ಲಿ ಪರಂಗಿಯೆಂದರೆ ಹಣ್ಣು, ಫಿರಂಗಿಯೆಂದರೆ ತೋಪು. ಫ್ರಾಂಕರ ಹೆಸರಿನಿಂದ ಹುಟ್ಟಿ ಐರೋಪ್ಯರೆಲ್ಲರನ್ನೂ ಸೂಚಿಸಿದ ಈ ಶಬ್ದವು ದಖ್ಖನಿನಲ್ಲಿ ಒಂದು ಜಾತಿಯ ಖಡ್ಗಕ್ಕೂ ಸಂದಿತೆಂಬುದನ್ನು ನಾವು ಮರೆತಿದ್ದೇವೆ. ವಸ್ತುಸಂಗ್ರಹಾಲಯಗಳಲ್ಲಿ ಐರೋಪ್ಯ ಆಯುಧಗಳನ್ನು ನೋಡಬಯಸುವವರು ಪರದೇಶದ ಕವಚಗಳ ಬಳಿಗೆ ಧಾವಿಸುತ್ತಾರೆ. ದೇಶೀಯವೆಂದು ಇರಿಸಿದ ಕತ್ತಿಗಳಲ್ಲಿಯೇ ಐರೋಪ್ಯ ಉಕ್ಕು ಅಡಗಿರುವುದುಂಟು.

ಫಿರಂಗಿಯ ಹಿಡಿ ನಮ್ಮ ದೇಶದ್ದು: ಕೈಯನ್ನು ಕಾಯುವ ಬುಟ್ಟಿಯಂತಹ ರಚನೆ, ತುದಿಯಲ್ಲಿ ಎರಡನೆಯ ಕೈಗೆ ಆಸರೆಯಾಗುವ ಉದ್ದನೆಯ ಮುಳ್ಳು. ಅಲಗಾದರೋ ನೀಳ, ನೇರ. ಸಾಮಾನ್ಯವಾಗಿ 35ರಿಂದ 38 ಅಂಗುಲ. ಅದರ ಮೈಯಲ್ಲಿ ಒಂದೋ ಎರಡೋ ಮೂರೋ ತೋಡುಗಳು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ತರುವಾಯ ಇಂತಹ ಅಲಗುಗಳು ಪಶ್ಚಿಮ ತೀರದಲ್ಲಿ ಹೇರಳವಾಗಿ ಬಂದಿಳಿದುವು. ಇಲ್ಲಿಯ ಕುಶಲಿಗಳು ಅವಕ್ಕೆ ಹಿಡಿ ಕೂಡಿಸಿದರು.

ಪರದೇಶದ ಮುದ್ರೆಯೊಂದು ಕಂಡರೆ ಸಾಲದೆ? ಸಾಲದು. ಜಿನೋವದ ಅಲಗುಗಳ ಮೇಲಿನ ಹಲ್ಲುಳ್ಳ ಅರೆಚಂದ್ರದ ಗುರುತನ್ನು ನಮ್ಮ ಕಮ್ಮಾರರೂ ಒತ್ತಿದರು. ಅವರು ಬಡಿದ ನೇರ ಅಲಗಿಗೂ ಫಿರಂಗಿಯೆಂಬ ಹೆಸರೇ ನಿಂತಿತು. ಆದುದರಿಂದ ಚೀಟಿಯನ್ನು ಓದುವ ಮೊದಲು ಅಲಗಿನ ಬುಡವನ್ನು ನೋಡಬೇಕೆಂದು ನಮ್ಮ ಅಭಿಪ್ರಾಯ. ಹಿಡಿಯಿಂದ ಇಳಿದುಬಂದ ಬಲಪಟ್ಟಿಗಳು ಹಳೆಯ ತೋಡನ್ನೋ ಮುದ್ರೆಯನ್ನೋ ಅರ್ಧ ಮುಚ್ಚಿದ್ದರೆ, ಆ ಅಲಗು ಹಿಂದೆ ಬೇರೊಂದು ಹಿಡಿಯಲ್ಲಿ ಇದ್ದುದೆಂದು ಊಹಿಸಬಹುದು.