ಬಯಲುಸೀಮೆಯ ಬಿಸಿಲಿನಲ್ಲಿ ಗುಲಾಬಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳನ್ನು ಒಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ಇಲ್ಲಿ ಹಗಲು ಎಷ್ಟೇ ಕಾದರೂ ಇರುಳು ತಂಪಾಗುತ್ತದೆ. ಗುಲಾಬಿ ಕೃಷಿ ಈ ಭಾಗದಲ್ಲಿ ಬೇರೂರಲು ಇದು ಮುಖ್ಯ ಕಾರಣ. ಗುಲಾಬಿಗೆ ಹಗಲು 25ರಿಂದ 28 ಡಿಗ್ರಿ, ರಾತ್ರಿ 15ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತವಾದುದು. ಎಲೆಗಳು ಹಗಲಿನಲ್ಲಿ ತಯಾರಿಸಿದ ಸಕ್ಕರೆಯ ಒಂದು ಪಾಲು ರಾತ್ರಿಯ ಉಸಿರಾಟಕ್ಕೆ ವ್ಯಯವಾಗುತ್ತದೆ. ರಾತ್ರಿ ಸೆಕೆ ಹೆಚ್ಚಿದಷ್ಟೂ ಈ ವೆಚ್ಚವೂ ಹೆಚ್ಚಿ, ಮೊಗ್ಗಿಗೆ ಉಳಿಯುವುದು ಕಡಿಮೆಯಾಗುತ್ತದೆ. ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ಹೂ ಚಿಕ್ಕದಾಗಿ, ಎಸಳು ವಿರಳವಾಗಿ, ಬಣ್ಣ ಮಾಸಿ ಬೇಗನೆ ಉದುರುವುದು ರೋಗವಲ್ಲ. ಅದನ್ನು ರೋಗವೆಂದೇ ತಿಳಿದು ರಾಸಾಯನಿಕ ಗೊಬ್ಬರವನ್ನು ಸುರಿಯುವವರು ಬಳಲಿದ ಗಿಡದ ಬೇರಿಗೆ ಉಪ್ಪಿನ ಹೊರೆಯನ್ನೂ ಹೇರುತ್ತಾರೆ.

ವಾಸ್ತವವಾಗಿ ಈ ಜಿಲ್ಲೆಯಲ್ಲಿ ಗುಲಾಬಿಗೆ ಬಿಸಿಲಿಗಿಂತ ದೊಡ್ಡ ತೊಡಕು ಕೊಳವೆಬಾವಿಯ ನೀರು. ಆಳದಿಂದ ಬರುವ ಗಡಸು ನೀರಿನಲ್ಲಿ ಬೈಕಾರ್ಬನೇಟ್ ಎಂಬ ಲವಣಾಂಶ ಹೆಚ್ಚಾಗಿದ್ದರೆ, ಅದು ಮಣ್ಣಿನ ರಸಸಾರವನ್ನು, ಅಂದರೆ ಹುಳಿ-ಕ್ಷಾರಗಳ ಅಳತೆಯನ್ನು, ಮೇಲಕ್ಕೆ ಒಯ್ಯುತ್ತದೆ. ಗುಲಾಬಿ ಬಯಸುವುದು 6ರಿಂದ 6.5ರ ರಸಸಾರ, ಅದು 7.5 ದಾಟಿತೆಂದರೆ ಕೆಂಪು ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿಯೇ ಉಳಿದು ಬಲೆಯಂತೆ ಕಾಣುತ್ತವೆ. ಪಾಲಿಹೌಸ್ ಬೆಳೆಗಾರರು ಹನಿ ನೀರಾವರಿಯ ನೀರಿಗೆ ಅಳತೆಯಂತೆ ಆಮ್ಲ ಬೆರೆಸಿ ಇದನ್ನು ಸರಿಪಡಿಸುತ್ತಾರೆ. ಅದಕ್ಕಿಂತ ಸುಲಭವಾದ ಮಾರ್ಗ ಮಳೆನೀರು: ಒಂದು ಎಕರೆ ಪಾಲಿಹೌಸಿನ ಚಾವಣಿಯ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ನೀರು ಹರಿದುಬರುತ್ತದೆ, ಅದನ್ನು ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಹಿಡಿದಿಟ್ಟು ಕೊಳವೆಬಾವಿಯ ನೀರಿಗೆ ಬೆರೆಸಿದರೆ ಗಡಸುತನ ತಾನಾಗಿಯೇ ಇಳಿಯುತ್ತದೆ. ಮನೆಯಂಗಳದಲ್ಲಿ ಬೆಳೆಯುವವರಿಗೆ ಒಂದು ಡ್ರಮ್ ಸಾಕು. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಕೊಟ್ಟು, ತೆಂಗಿನ ನಾರಿನ ಪುಡಿಯನ್ನೋ ಒಣ ಹುಲ್ಲನ್ನೋ ಹೊದಿಸಿದರೆ ಬೇರಿನ ಸುತ್ತಲಿನ ಮಣ್ಣು ತಂಪಾಗಿರುತ್ತದೆ.

ಬೇಸಿಗೆಯ ಶತ್ರು ರೈತರು ಮೈಟ್ಸ್ ಎಂದೇ ಕರೆಯುವ ಕೆಂಪು ಜೇಡನುಸಿ. ಎಲೆಯ ಮೇಲ್ಭಾಗದಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಕಂಡೊಡನೆ ಎಲೆಯನ್ನು ಮಗುಚಿ ನೋಡಿದರೆ, ನವಿರಾದ ಬಲೆಯ ನಡುವೆ ಹರಿದಾಡುವ ಚುಕ್ಕಿಗಳು ಕಾಣುತ್ತವೆ. ಎಂಟು ಕಾಲಿನ ಈ ಜೀವಿ ಕೀಟವರ್ಗಕ್ಕೆ ಸೇರಿದುದಲ್ಲ. ಆದ್ದರಿಂದ ಸಾಮಾನ್ಯ ಕೀಟನಾಶಕಗಳು ಇದನ್ನು ಬಿಟ್ಟು, ಇದನ್ನು ತಿಂದು ಬದುಕುವ ಉಪಕಾರಿ ಜೀವಿಗಳನ್ನೇ ಕೊಲ್ಲುವುದುಂಟು. ಒಣ ಬಿಸಿಯಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಹತ್ತು ದಿನಗಳೊಳಗೇ ಬೆಳೆಯುವ ನುಸಿಗೆ ಎಲೆಯಡಿಗೆ ರಭಸವಾಗಿ ನೀರು ಚಿಮ್ಮಿಸುವುದು ಮೊದಲ ಮದ್ದು. ಬೂದಿರೋಗ, ಕಪ್ಪುಚುಕ್ಕೆ ರೋಗಗಳು ಬೇರೆ ಋತುಗಳ ಕಾಟ. ಗಾಳಿಯಾಡುವಂತೆ ಗಿಡಗಳ ನಡುವೆ ಅಂತರವಿದ್ದರೆ ಅವು ಬಹುಮಟ್ಟಿಗೆ ಹತೋಟಿಯಲ್ಲಿರುತ್ತವೆ.

ಕೊಂಬೆ ಸವರುವ ಕಾಲವೂ ಮುಖ್ಯ. ಸವರಿದ ಸುಮಾರು 45 ದಿನಗಳಿಗೆ ಹೂ ಕೊಯ್ಲಿಗೆ ಬರುವುದರಿಂದ, ಫೆಬ್ರವರಿ 14ರ ಪ್ರೇಮಿಗಳ ದಿನಕ್ಕಾಗಿ ಬೆಳೆಗಾರರು ಡಿಸೆಂಬರ್ ಉತ್ತರಾರ್ಧದಲ್ಲೇ ಕತ್ತರಿ ಹಿಡಿಯುತ್ತಾರೆ. ಆ ಹೂಗಳು ಹೆಬ್ಬಾಳದ ಪುಷ್ಪ ಹರಾಜು ಕೇಂದ್ರಕ್ಕೋ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೋ ಸಾಗುತ್ತವೆ. ಮನೆಯ ಗಿಡಗಳನ್ನು ಮಳೆ ಹಿಂದೆ ಸರಿಯುವ ಅಕ್ಟೋಬರ್‌ನಲ್ಲಿ ಸವರುವುದು ಲೇಸು. ಏಪ್ರಿಲ್‌ನಲ್ಲಿ ಆಳವಾಗಿ ಸವರಿದರೆ ಕಾಂಡಕ್ಕೆ ನೆರಳಾಗಿದ್ದ ಎಲೆಗಳು ಇಲ್ಲವಾಗಿ ತೊಗಟೆ ಸುಡುತ್ತದೆ. ಕಸಿ ಕಟ್ಟಿದ ಜಾಗದ ಕೆಳಗಿನಿಂದ ಚಿಗುರು ಹೊರಟರೆ ಅದು ಬೇರುಗಿಡದ್ದೇ ಹೊರತು ಗುಲಾಬಿ ತಳಿಯದ್ದಲ್ಲವಾದುದರಿಂದ ಕಿತ್ತುಹಾಕಬೇಕು.

ತಳಿಯ ಆಯ್ಕೆಯಲ್ಲಿ ಅಂದಕ್ಕೆ ಮರುಳಾಗುವುದು ನಷ್ಟದ ದಾರಿ. ಉದ್ದ ಕಾಂಡದ ‘ತಾಜ್ ಮಹಲ್’ ಪಾಲಿಹೌಸಿಗೆ ಒಗ್ಗಿದ ತಳಿ. ಅಂಗಳದಲ್ಲಿ ಅದು ಸೊರಗುವುದೇ ಹೆಚ್ಚು. ಹಾರಕ್ಕೆಂದು ಬಿಡಿಹೂ ಬೆಳೆಯುವ ರೈತರು ಮೆಚ್ಚಿದ ಮಿರಾಬುಲ್, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸವಿಯಂತಹ ತಳಿಗಳು ಬಯಲಿಗೆ ಹೆಚ್ಚು ಸೂಕ್ತ. ಸಸಿ ಕೊಳ್ಳುವ ಮೊದಲು ನೀರು ಮತ್ತು ಮಣ್ಣಿನ ರಸಸಾರವನ್ನು ಪರೀಕ್ಷೆ ಮಾಡಿಸಿಕೊಳ್ಳಿ. ಈ ಕುರಿತು ಸಲಹೆ ಬೇಕಿದ್ದವರು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.