ಕಂಬ ಎಲ್ಲಿಂದ ಎದ್ದಿದೆ, ನೋಡಿ

ಪೋಷಕರೇ, ಗಣಿತದಲ್ಲಿ ಅಂಕಿಅಂಶದ ಪಾಠ ಬಂದರೆ ಮಕ್ಕಳಿಗೆ ಖುಷಿ. ನಕ್ಷೆ ಬರೆದರೆ ಅಂಕ ಖಾತ್ರಿ ಎಂಬ ಲೆಕ್ಕ. ನಾನೂ ಎಷ್ಟೋ ವರ್ಷ ಹಾಗೆಯೇ ಕಲಿಸಿದೆ. ನಕ್ಷೆ ಬರೆಯುವುದನ್ನು ಹೇಳಿಕೊಟ್ಟೆ, ಓದುವುದನ್ನು ಹೇಳಿಕೊಡಲಿಲ್ಲ. ಅದರ ಫಲ ಒಂದು ಪೋಷಕರ ಸಭೆಯಲ್ಲಿ ಕಂಡಿತು.

ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ತೋರಿಸಲು ಆ ಕನ್ನಡ ಶಾಲೆಯ ಗೋಡೆಗೆ ಕಂಬನಕ್ಷೆ ಅಂಟಿಸಿದ್ದರು. ಮೂರು ವರ್ಷಕ್ಕೆ ಮೂರು ಕಂಬ. ಕೊನೆಯದು ಮೊದಲನೆಯದರ ಮೂರನೇ ಒಂದು ಭಾಗದಷ್ಟೇ ಎತ್ತರ. ‘ಇನ್ನು ಶಾಲೆ ಉಳಿಯೋದಿಲ್ಲ, ಈಗಲೇ ಟಿ.ಸಿ. ತಗೊಂಡುಬಿಡೋಣ’ ಎಂದು ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. ಕೂತಿದ್ದವರಲ್ಲಿ ಅರ್ಧ ಮಂದಿ ನನ್ನ ಹಳೆಯ ವಿದ್ಯಾರ್ಥಿಗಳೇ.

ಹತ್ತಿರ ಹೋಗಿ ಎಡಗಡೆಯ ಅಳತೆ ನೋಡಿದೆ. ಅದು 0ಯಿಂದ ಅಲ್ಲ, 40ರಿಂದ ಶುರುವಾಗಿತ್ತು. ಮೊದಲ ಕಂಬ 46, ಕೊನೆಯದು 42. 40ರ ಮೇಲಿನ ಭಾಗವಷ್ಟೇ ಕಾಣುವುದರಿಂದ ಒಂದರ ಎತ್ತರ ಆರು, ಇನ್ನೊಂದರದು ಎರಡು. ನಿಜವಾಗಿ ಕಡಿಮೆಯಾದವರು ನಾಲ್ಕು ಮಕ್ಕಳು, ಅಂದರೆ ನೂರಕ್ಕೆ ಒಂಬತ್ತೂ ಇಲ್ಲ. ಅಂಕಿ ಸುಳ್ಳಲ್ಲ, ಆದರೆ ಚಿತ್ರ ನಮ್ಮನ್ನು ಹೆದರಿಸಿತ್ತು.

ಅದೇ ಅಂಕಿಗಳನ್ನು ಕರಿಹಲಗೆಯ ಮೇಲೆ 0ಯಿಂದ ಬರೆದು ತೋರಿಸಿದೆ. ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರ ನಿಂತವು. ಆಗ ಒಬ್ಬ ತಾಯಿ ಎದ್ದು, ‘ಸಾರ್, ಆ ನಾಲ್ಕು ಮಕ್ಕಳು ಎಲ್ಲಿಗೆ ಹೋದರು?’ ಎಂದು ಕೇಳಿದರು. ನಕ್ಷೆ ನೋಡಿದ ಮೇಲೆ ಕೇಳಬೇಕಾದ ಪ್ರಶ್ನೆ ಅದು. ಅಂದು ಯಾರೂ ಟಿ.ಸಿ. ಕೇಳಲಿಲ್ಲ.

ನಕ್ಷೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದ ಸೈನಿಕರ ಸಾವನ್ನು ತಿಂಗಳಿಗೊಂದು ಹೋಳಿನಂತೆ ಬಣ್ಣದ ನಕ್ಷೆಯಲ್ಲಿ ತೋರಿಸಿದರು. ಗಾಯಕ್ಕಿಂತ, ತಡೆಯಬಹುದಾಗಿದ್ದ ರೋಗಗಳೇ ಹೆಚ್ಚು ಜೀವ ತೆಗೆದಿದ್ದವೆಂದು ಅದು ಒಂದೇ ನೋಟಕ್ಕೆ ಹೇಳಿತು. ಪುಟಗಟ್ಟಲೆ ಅಂಕಿಪಟ್ಟಿಗೆ ಆ ಶಕ್ತಿ ಇರುವುದಿಲ್ಲ.

ಮಗು ನಕ್ಷೆ ಬರೆದು ತಂದಾಗ ನೀವು ಮೂರು ಮಾತು ಕೇಳಿ. ಅಳತೆ ಎಲ್ಲಿಂದ ಶುರುವಾಗಿದೆ? ಒಂದು ಮನೆಗೆ ಎಷ್ಟು ಎಂದು ಇಟ್ಟಿದ್ದೀಯ? ಇದಕ್ಕೆ ಈ ನಕ್ಷೆಯೇ ಏಕೆ?

ಬೇರೆ ಬೇರೆ ವಸ್ತುಗಳನ್ನು ಹೋಲಿಸಲು ಕಂಬನಕ್ಷೆ. ಅದು 0ಯಿಂದ ಏಳಬೇಕು. ನಡುವೆ ಬಿಟ್ಟಿದ್ದರೆ ಅಕ್ಷದ ಬುಡದಲ್ಲಿ ಅಂಕುಡೊಂಕು ಗುರುತು ಹಾಕಿರಬೇಕು. ದಿನದಿಂದ ದಿನಕ್ಕೆ ಆಗುವ ಏರಿಳಿತಕ್ಕೆ ರೇಖಾನಕ್ಷೆ. ಇದಕ್ಕೆ 0 ಕಡ್ಡಾಯವಲ್ಲ. ಜ್ವರದ ನಕ್ಷೆಯನ್ನು 0ಯಿಂದ ಬರೆದರೆ 98 ಡಿಗ್ರಿಗೂ 103 ಡಿಗ್ರಿಗೂ ಇರುವ ಅಂತರ ಕಣ್ಣಿಗೇ ಬೀಳದು. ಇಡೀ ಮೊತ್ತ ಹೇಗೆ ಹಂಚಿಹೋಗಿದೆ ಎಂದು ತೋರಿಸಲು ವೃತ್ತನಕ್ಷೆ. ಮನೆಖರ್ಚು 12,000 ರೂಪಾಯಿ, ಅದರಲ್ಲಿ ದಿನಸಿಗೆ 3,000 ಎಂದರೆ ಕಾಲು ಭಾಗ. ವೃತ್ತದ 360 ಡಿಗ್ರಿಯಲ್ಲಿ 90.

‘ನಾವು ಓದಿದ್ದು ತಮಿಳಿನಲ್ಲಿ, ಕನ್ನಡದ ಪದ ಗೊತ್ತಿಲ್ಲ’ ಎಂದು ಹಿಂಜರಿಯಬೇಡಿ. ನೀವು ಪಟ್ಟೈ ವಿಳಕ್ಕಪ್ಪಡಂ ಎಂದು ಕಲಿತದ್ದೇ ಮಗುವಿನ ಕಂಬನಕ್ಷೆ, ವಟ್ಟ ವಿಳಕ್ಕಪ್ಪಡಂ ಎಂದದ್ದೇ ವೃತ್ತನಕ್ಷೆ. ಎರಡೂ ಹೆಸರು ಹೇಳಿಕೊಡಿ. ಮುಂದೆ ಯಾವ ಮಾಧ್ಯಮಕ್ಕೆ ಹೋದರೂ ಮಗುವಿಗೆ ಅನುಕೂಲ.

ಈ ಭಾನುವಾರ ಮನೆಯ ಹಳೆಯ ಕರೆಂಟ್ ಬಿಲ್ಲುಗಳನ್ನು ಹುಡುಕಿ ತೆಗೆಯಿರಿ. ಎರಡು ತಿಂಗಳಿಗೊಂದರಂತೆ ವರ್ಷಕ್ಕೆ ಆರು. ಯೂನಿಟ್ಟುಗಳನ್ನು ಚೌಕಳಿ ಹಾಳೆಯಲ್ಲಿ ಮಗುವೇ ಕಂಬವಾಗಿ ನಿಲ್ಲಿಸಲಿ. ಎತ್ತರದ ಕಂಬ ಯಾವ ತಿಂಗಳದು, ಏಕೆ ಎಂದು ಕೇಳಿ. ಉತ್ತರ ಪುಸ್ತಕದಲ್ಲಿ ಇರುವುದಿಲ್ಲ, ನಿಮ್ಮ ಮನೆಯಲ್ಲೇ ಇರುತ್ತದೆ.