ಜಿನ್ ಲೋಟದಲ್ಲಿ ಚಕ್ಕೋತದ ಘಮ

ದುಬೈನಿಂದ ಬಂದ ತಮ್ಮ 'ಟ್ಯಾಂಕರೆ ನಂಬರ್ ಟೆನ್' ಅನ್ನೋ ಜಿನ್ ತಂದಿದ್ದ. "ಕುಡೀಬೇಡ ಅಕ್ಕಾ, ಸುಮ್ನೆ ಮೂಸಿ ನೋಡು" ಅಂತ ಸ್ವಲ್ಪ ನೀರು ಬೆರೆಸಿ ಲೋಟ ಕೊಟ್ಟ. ಮೂಸಿದೆ. ದೇವನಹಳ್ಳಿಯ ನಮ್ಮ ಹಿತ್ತಿಲೇ ಎದುರಿಗೆ ಬಂತು! ಚಕ್ಕೋತದ ದಪ್ಪ ಸಿಪ್ಪೆ ಸುಲಿಯುವಾಗ ಮುಖಕ್ಕೆ ಸಿಡಿಯುತ್ತಲ್ಲ, ಅದೇ ಘಮ.

ನನ್ನ ಮೂಗು ತಪ್ಪು ಮಾಡಿರಲಿಲ್ಲ. ಜಿನ್ ಅಂದ್ಮೇಲೆ ಜುನಿಪರ್ ಕಾಯಿ ಇರಲೇಬೇಕು. ಇದಕ್ಕೆ ಅದರ ಜೊತೆ ತಾಜಾ ಕಿತ್ತಳೆ, ನಿಂಬೆ, ಗ್ರೇಪ್‌ಫ್ರೂಟನ್ನೂ ಹಾಕಿ ಭಟ್ಟಿ ಇಳಿಸ್ತಾರೆ. ಗ್ರೇಪ್‌ಫ್ರೂಟ್ ಹುಟ್ಟಿದ್ದು ಬಾರ್ಬಡೋಸ್‌ನಲ್ಲಿ, ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಅಂದ್ರೆ ಚಕ್ಕೋತದ ಮಗಳೇ!

ಒಂದು ಗುಟುಕು ಕುಡಿದೂ ನೋಡಿದೆ (ನಮ್ಮತ್ತೆಗೆ ಹೇಳ್ಬೇಡಿ). ಮೊದಲು ಹುಳಿಯಿಲ್ಲದ ನಿಂಬೆ, ಆಮೇಲೆ ಸಿಪ್ಪೆಯ ಸಣ್ಣ ಕಹಿ, ಕೊನೆಗೆ ಗಂಟಲಲ್ಲಿ ಉರಿ. ಬಾಟಲಿ ಮೇಲೆ ಆಲ್ಕೋಹಾಲ್ 47.3% ಅಂತಿತ್ತು. ಗುಟುಕೇ ಸಾಕು.

ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆಯೇನೋ ಇದೆ. ಆದರೆ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಜಮೀನಿಗೆ ಬಂಗಾರದ ಬೆಲೆ ಬಂತು, ಎಷ್ಟೋ ತೋಟಗಳು ಸೈಟುಗಳಾದವು. ಅಪ್ಪನೂ ಮಾರಿದರು. ಆ ದುಡ್ಡಲ್ಲೇ ತಮ್ಮ ಓದಿದ್ದು, ದುಬೈಗೆ ಹೋಗಿದ್ದು. ಬೈಯೋದಾದ್ರೂ ಯಾರನ್ನ?

ತಮ್ಮ ಲೋಟ ತೊಳೆಯೋಕೆ ಎದ್ದ. "ಇರಲಿ ಬಿಡೋ, ಬೆಳಿಗ್ಗೆ ತೊಳೀತೀನಿ" ಅಂದೆ.